ಚಕ್ರ ಬೇಕಾ, ಸಾಣೆ ಬೇಕಾ

ನಮ್ಮ ಮರ ಕೊಯ್ಯುವ ಮಿಲ್ಲಿನ ಹಿಂದೆ ಒಂದು ಹೊಟ್ಟಿನ ಗುಡ್ಡೆ ಇದೆ. ನಾನು ಚಡ್ಡಿ ಹಾಕಿಕೊಂಡು ಓಡಾಡುತ್ತಿದ್ದ ಕಾಲದಿಂದಲೂ ಇದೆ. ಇಟ್ಟಿಗೆ ಸುಡುವವರು, ಕೋಳಿ ಫಾರಂನವರು ಬಂದು ಎಷ್ಟೇ ತುಂಬಿಕೊಂಡು ಹೋದರೂ ಮತ್ತೆ ಬೆಳೆಯುತ್ತದೆ. ಮಳೆಗಾಲದಲ್ಲಿ ಅದರೊಳಗೆ ಕೈ ಹಾಕಿದರೆ ಬೆಚ್ಚಗಿರುತ್ತದೆ, ನಾಯಿಗಳು ಅಲ್ಲೇ ಮಲಗುತ್ತವೆ. ಅಪ್ಪ ಆ ಗುಡ್ಡೆ ಕಂಡಾಗಲೆಲ್ಲ ಒಂದೇ ಮಾತು ಹೇಳುತ್ತಿದ್ದರು. "ಇದೂ ದುಡ್ಡು ಕೊಟ್ಟು ತಂದ ಮರಾನೇ ಕಣೋ."

ಸಕಲೇಶಪುರದಿಂದ ಮೂಡಿಗೆರೆ ಕಡೆ ಹೋಗುವ ಸೀಮೆ ನಮ್ಮದು. ಸುತ್ತ ಕಾಫಿ ತೋಟ. ತೋಟದ ನೆರಳಿಗೆ ಸಿಲ್ವರ್ ಓಕ್ ಮರ, ನಮ್ಮ ಬಾಯಲ್ಲಿ ಬರೀ ಸಿಲ್ವರ್. ಸಿಲ್ವರಿಗೆ ಹಬ್ಬಿಸಿದ ಮೆಣಸಿನ ಬಳ್ಳಿ. ನಮ್ಮ ಮಿಲ್ಲಿಗೆ ಬರುವ ಮರದಲ್ಲಿ ಮುಕ್ಕಾಲು ಪಾಲು ಈ ಸಿಲ್ವರೇ. ಉಳಿದದ್ದು ಹಲಸು, ಅಕೇಶಿಯಾ, ಆಗೊಮ್ಮೆ ಈಗೊಮ್ಮೆ ಯಾರದೋ ಹಿತ್ತಲಿನ ತೇಗ. ದೊಡ್ಡ ವ್ಯಾಪಾರ ಅಲ್ಲ. ಮನೆ ಕಟ್ಟುವವರಿಗೆ ಪಕಾಸು, ರೀಪು, ಬಾಗಿಲವಾಡ. ಬಡಗಿಗಳಿಗೆ ಹಲಗೆ. ತೋಟದವರಿಗೆ ಕಾಫಿ ಹರವುವ ಕಣದ ಪಕ್ಕ ಶೆಡ್ಡಿಗೆ ಬೇಕಾದ ಸಾಮಾನು. ಅಷ್ಟೇ.

ಹಳೇ ಮಿಷನ್ ನಿಂತ ಗರಗಸ. ಮೇಲೊಂದು ಕೆಳಗೊಂದು ದೊಡ್ಡ ಗಾಲಿ, ಅದರ ಮೇಲೆ ಬೆಲ್ಟಿನ ಹಾಗೆ ಸುತ್ತುವ ನಾಲ್ಕಿಂಚು ಅಗಲದ ಬ್ಲೇಡು, ಮುಂದೆ ಹಳಿ, ಹಳಿಯ ಮೇಲೆ ಟ್ರಾಲಿ. ಟ್ರಾಲಿಗೆ ಮರ ಕಚ್ಚಿಸಿ ನಾಲ್ಕು ಜನ ತಳ್ಳಬೇಕು. ಈಗ ಆ ನಾಲ್ಕು ಜನ ಸಿಗುವುದಿಲ್ಲ. ಇಬ್ಬರು ಸಿಕ್ಕರೆ ಪುಣ್ಯ. ಹಾಗಾಗಿ ಎರಡು ವರ್ಷದ ಹಿಂದೆ ನಾನು ಮೊಬೈಲಿನಲ್ಲಿ ವಿಡಿಯೋ ನೋಡುವುದಕ್ಕೆ ಶುರು ಮಾಡಿದೆ. ಪೋರ್ಟಬಲ್ ಬ್ಯಾಂಡ್‌ಸಾ ಮಿಲ್.

ನೋಡದವರಿಗೆ ಹೇಳಬೇಕು ಅಂದ್ರೆ, ಇದು ನಮ್ಮ ಮಿಲ್ಲನ್ನು ಅಡ್ಡ ಮಲಗಿಸಿದ ಹಾಗೆ. ಇಲ್ಲಿ ಮರ ಅಲ್ಲಾಡುವುದಿಲ್ಲ. ಕಬ್ಬಿಣದ ಬೆಡ್ಡಿನ ಮೇಲೆ ದಿಮ್ಮಿ ಸುಮ್ನೆ ಮಲಗಿರುತ್ತದೆ. ಗರಗಸದ ತಲೆಯೇ ಹಳಿಯ ಮೇಲೆ ಓಡಿಕೊಂಡು ಬಂದು ಹಲಗೆಯನ್ನು ಸೀಳಿಕೊಂಡು ಹೋಗುತ್ತದೆ. ಬ್ಲೇಡು ಒಂದೂಕಾಲು ಇಂಚು ಅಗಲ, ಒಂದು ಮಿಲಿಮೀಟರ್ ದಪ್ಪ. ಒಬ್ಬ ಮನುಷ್ಯ ಸಾಕು, ಇಬ್ಬರಿದ್ದರೆ ಆರಾಮು. ಅಮೆರಿಕದ ಇಂಡಿಯಾನಾದಲ್ಲಿ 1982ರಲ್ಲಿ ಶುರುವಾದ ವುಡ್-ಮೈಜರ್ ಕಂಪನಿ ಇದನ್ನು ಲೋಕಕ್ಕೆಲ್ಲ ಪರಿಚಯ ಮಾಡಿಸಿತು. ಈಗ ನಮ್ಮ ದೇಶದಲ್ಲೂ ಸಿಗುತ್ತದೆ, ಇಲ್ಲಿಯವರೇ ಮಾಡುವ ಅಂಥದ್ದೇ ಮಿಷನ್‌ಗಳೂ ಇವೆ.

ವಿಡಿಯೋಗಳಲ್ಲಿ ಕಥೆ ಯಾವಾಗಲೂ ಒಂದೇ. ಒಬ್ಬ ಗಡ್ಡದವನು ಜೀಪಿನ ಹಿಂದೆ ಮಿಲ್ಲು ಕಟ್ಟಿಕೊಂಡು ಕಾಡಿನ ದಾರಿಯಲ್ಲಿ ಬರುತ್ತಾನೆ. ಬಿದ್ದ ಮರದ ಪಕ್ಕ ನಿಲ್ಲಿಸುತ್ತಾನೆ. ಮಧ್ಯಾಹ್ನದ ಹೊತ್ತಿಗೆ ಮರ ಹೋಗಿ ಹಲಗೆಯ ಅಟ್ಟಿ ಆಗಿರುತ್ತದೆ. ನೋಡುತ್ತಾ ನೋಡುತ್ತಾ ನಾನೂ ಗಡ್ಡ ಬಿಟ್ಟುಕೊಂಡು ತೋಟದಿಂದ ತೋಟಕ್ಕೆ ಹೋದ ಹಾಗೆ ಕನಸು ಕಂಡೆ. ಲಾರಿ ಬಾಡಿಗೆ ಇಲ್ಲ, ಲೋಡಿಂಗ್‌ನವರ ಕಾಟ ಇಲ್ಲ. ಸಿಪ್ಪೆ ಅಲ್ಲೇ ಸೌದೆಗೆ, ಹೊಟ್ಟು ಅಲ್ಲೇ ಗಿಡದ ಬುಡಕ್ಕೆ.

ಮೇಸ್ತ್ರಿಗೆ ವಿಡಿಯೋ ತೋರಿಸಿದೆ. ನಮ್ಮ ಮೇಸ್ತ್ರಿ ಅಪ್ಪನ ಕಾಲದವರು, ನಲವತ್ತು ವರ್ಷದಿಂದ ಮರ ಕೊಯ್ಯುತ್ತಿದ್ದಾರೆ. ಪೂರ್ತಿ ನೋಡಿದರು. ಕೊನೆಗೆ ಕೇಳಿದ್ದು ಒಂದೇ ಪ್ರಶ್ನೆ.

"ಸಣ್ಣಯ್ಯ, ಇದಕ್ಕೆ ಸಾಣೆ ಯಾರು ಹಿಡೀತಾರೆ?"

ನಾನು ನಕ್ಕುಬಿಟ್ಟೆ. ಅದು ಅಷ್ಟು ದೊಡ್ಡ ಪ್ರಶ್ನೆ ಅಂತ ಆವತ್ತು ಅನ್ನಿಸಲಿಲ್ಲ.

ಮೊದಲು ಮುರಿದು ಬಿದ್ದದ್ದು ಚಕ್ರದ ಕನಸು, ಅಂದ್ರೆ ಮಿಲ್ಲು ಎಳೆದುಕೊಂಡು ತೋಟದಿಂದ ತೋಟಕ್ಕೆ ಹೋಗುವುದು. ಅರಣ್ಯ ಇಲಾಖೆಯ ಕಚೇರಿಗೆ ಹೋಗಿ ಕೇಳಿದೆ. ಅಲ್ಲಿದ್ದವರು ಒಳ್ಳೆಯವರು, ಕೂರಿಸಿ ಚಹಾ ಕೊಟ್ಟು ಹೇಳಿದರು. ಕರೆಂಟಿನಿಂದಾಗಲಿ ಇಂಜಿನ್ನಿನಿಂದಾಗಲಿ ಗರಗಸ ಓಡಿಸಿ ಮರ ಕೊಯ್ದರೆ ಅದು ಸಾ ಮಿಲ್ಲೇ. ಕೆಳಗೆ ಚಕ್ರ ಇದೆಯೋ ಕಾಂಕ್ರೀಟ್ ಇದೆಯೋ ಅನ್ನುವುದರಿಂದ ಏನೂ ಬದಲಾಗುವುದಿಲ್ಲ. ಲೈಸೆನ್ಸು ಬೇಕು, ಮತ್ತು ಆ ಲೈಸೆನ್ಸು ಮನುಷ್ಯನಿಗೆ ಎಷ್ಟೋ ಜಾಗಕ್ಕೂ ಅಷ್ಟೇ ಅಂಟಿಕೊಂಡಿರುತ್ತದೆ.

ಇದರ ಹಿಂದಿನ ಕಥೆ ನಮ್ಮ ಕಸುಬಿನವರಿಗೆಲ್ಲ ಗೊತ್ತು. 1996ರ ಡಿಸೆಂಬರ್ 12ರಂದು, ಕಾಡು ಕಡಿಯುವುದರ ವಿರುದ್ಧ ಹೂಡಿದ್ದ ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಆದೇಶ ಬಂತು. ಕಾಡಿನ ಮರಕ್ಕೆ ಬೀಗ ಬಿತ್ತು. 2002ರಲ್ಲಿ ಹೊಸ ಮಿಲ್ಲುಗಳಿಗೂ ಬೀಗ. ಕೇಂದ್ರದ ಉನ್ನತಾಧಿಕಾರ ಸಮಿತಿಯ ಒಪ್ಪಿಗೆ ಇಲ್ಲದೆ ಯಾವ ರಾಜ್ಯವೂ ಹೊಸ ಸಾ ಮಿಲ್ಲಿಗೆ ಅನುಮತಿ ಕೊಡುವ ಹಾಗಿರಲಿಲ್ಲ. ಆಮೇಲೆ 2016ರಲ್ಲಿ ಮರ ಆಧಾರಿತ ಉದ್ದಿಮೆಗಳ ಮಾರ್ಗಸೂಚಿ ಬಂದು, ಅರ್ಜಿ ನೋಡುವ ಕೆಲಸ ರಾಜ್ಯಮಟ್ಟದ ಸಮಿತಿಗಳಿಗೆ ಬಂತು. ಕೊಯ್ದ ಮರ ತಂದು ಪೀಠೋಪಕರಣ ಮಾಡುವ ಬಡಗಿಗೆ ಲೈಸೆನ್ಸ್ ಬೇಡ. ಆದರೆ ಅವನ ಹತ್ತಿರ ಬ್ಯಾಂಡ್‌ಸಾ ಇರಬಾರದು, 30 ಸೆಂಟಿಮೀಟರಿಗಿಂತ ದೊಡ್ಡ ವೃತ್ತ ಗರಗಸ ಇರಬಾರದು. ನಾನು ಕೊಳ್ಳಬೇಕು ಅಂತಿದ್ದದ್ದೇ ಬ್ಯಾಂಡ್‌ಸಾ!

ಅಪ್ಪನ ಕಾಲದ ಲೈಸೆನ್ಸು ನಮ್ಮ ಹತ್ತಿರ ಇತ್ತು, ಪ್ರತಿ ಸಲ ನವೀಕರಣ ಆಗಿತ್ತು. ಅದೇ ಜಾಗದಲ್ಲಿ ಹಳೇ ಮಿಷನ್ ತೆಗೆದು ಹೊಸದು ಕೂರಿಸುವುದಕ್ಕೆ ಅರ್ಜಿ ಕೊಟ್ಟೆ. ಅದೊಂದು ಬೇರೆ ಪುರಾಣ, ಇಲ್ಲಿ ಬೇಡ. ಇಂಥ ಮಿಲ್ಲು ತೆಗೆದುಕೊಳ್ಳಬೇಕು ಅಂತ ನನಗೆ ಫೋನ್ ಮಾಡುವ ಹುಡುಗರಿಗೆ ನಾನು ಹೇಳುವುದು ಇಷ್ಟೇ: ಅಡ್ವಾನ್ಸ್ ಕೊಡುವ ಮುಂಚೆ ಇಲಾಖೆಗೆ ಹೋಗಿ ಬಾ. ಸಿಲ್ವರ್ ಕಡಿಯುವುದಕ್ಕೆ 1976ರ ನಮ್ಮ ವೃಕ್ಷ ಸಂರಕ್ಷಣೆ ಕಾಯ್ದೆಯಲ್ಲಿ ವಿನಾಯಿತಿ ಇದೆ ಅನ್ನುವುದನ್ನೇ ಹಿಡಿದುಕೊಂಡು, ಕೊಯ್ಯುವುದಕ್ಕೂ ವಿನಾಯಿತಿ ಇದೆ ಅಂದುಕೊಂಡವರು ಬೇಕಾದಷ್ಟು ಜನ ಇದ್ದಾರೆ. ಕಡಿಯುವುದು ಬೇರೆ, ಕೊಯ್ಯುವುದು ಬೇರೆ.

ಕಾನೂನು ಪಕ್ಕಕ್ಕಿಟ್ಟರೂ ಚಕ್ರ ನಮಗೆ ಅಷ್ಟು ಉಪಯೋಗಕ್ಕೆ ಬರುತ್ತಿರಲಿಲ್ಲ ಅಂತ ಈಗ ಅನ್ನಿಸುತ್ತದೆ. ಬೆಡ್ಡು ಮಟ್ಟಸವಾಗಿ ಕೂತರೆ ಮಾತ್ರ ಹಲಗೆ ಸರಿಯಾಗಿ ಬರುತ್ತದೆ. ಬೆಡ್ಡಿನ ಒಂದು ಕಾಲು ಕಾಲಿಂಚು ಕುಸಿದರೂ ಹಲಗೆ ಒಂದು ತುದಿಯಲ್ಲಿ ದಪ್ಪ, ಇನ್ನೊಂದು ತುದಿಯಲ್ಲಿ ತೆಳು. ನಮ್ಮ ತೋಟಗಳಲ್ಲಿ ಮಟ್ಟಸವಾದ ಜಾಗ ಅಂದ್ರೆ ಕಾಫಿ ಕಣ ಒಂದೇ. ಅಲ್ಲಿ ಮರ ಕೊಯ್ಯುತ್ತೇನೆ ಅಂದರೆ ಯಜಮಾನರು ಕೋವಿ ತೆಗೆಯುತ್ತಾರೆ. ಜೂನ್‌ನಲ್ಲಂತೂ ನೆಲವೆಲ್ಲ ಪಾಯಸ.

ನಿಜ ಹೇಳಬೇಕು ಅಂದ್ರೆ, ಮರದ ಹತ್ತಿರಕ್ಕೇ ಹೋಗುವ ಮಿಲ್ಲು ನಮ್ಮಲ್ಲಿ ಹಿಂದೆಯೇ ಇತ್ತು. ಇಬ್ಬರು ಗಂಡಸರು, ಒಂದು ಉದ್ದ ಗರಗಸ, ಒಂದು ಗುಂಡಿ. ಒಬ್ಬ ಮರದ ಮೇಲೆ, ಒಬ್ಬ ಗುಂಡಿಯೊಳಗೆ. ಮಸಿಯಲ್ಲಿ ಅದ್ದಿದ ನೂಲು ಹಿಡಿದು ಪಟ್ ಅಂತ ಬಡಿದರೆ ಗೆರೆ ಬೀಳುತ್ತಿತ್ತು, ಆ ಗೆರೆ ಹಿಡಿದು ಕೊಯ್ಯುತ್ತಿದ್ದರು. ನಮ್ಮ ಅಜ್ಜನ ಮನೆಯ ಅಟ್ಟದ ಹಲಗೆಗಳ ತಳಭಾಗ ಯಾರೂ ಹತ್ತರಿ ಹೊಡೆದಿಲ್ಲ. ಟಾರ್ಚ್ ಓರೆಯಾಗಿ ಹಿಡಿದರೆ ಗರಗಸದ ಗೆರೆಗಳು ಕಾಣುತ್ತವೆ. ಸ್ವಲ್ಪ ದೂರ ಒಂದೇ ಓರೆ. ಆಮೇಲೆ ಓರೆ ಬದಲಾಗುತ್ತದೆ. ಬಹುಶಃ ಅಲ್ಲಿ ಎಲೆ ಅಡಿಕೆ ಹಾಕಿಕೊಳ್ಳಲು ನಿಲ್ಲಿಸಿದ್ದರೇನೋ ಅಂತ ನಾನು ಅಂದುಕೊಳ್ಳುತ್ತೇನೆ. ಹಲಗೆಯ ದಪ್ಪ ಮಾತ್ರ ಈ ತುದಿಯಿಂದ ಆ ತುದಿಯವರೆಗೆ ಒಂದೇ. ನಮ್ಮ ಹಳೇ ಮಿಲ್ಲಿನಲ್ಲಿ ಅಷ್ಟು ಚೆನ್ನಾಗಿ ಬರುತ್ತಿರಲಿಲ್ಲ.

ಲೆಕ್ಕಕ್ಕೆ ಬರೋಣ. ಈ ಮಿಲ್ಲು ಮಾರುವವರು ಮೊದಲು ಹೇಳುವುದು ಬ್ಲೇಡಿನ ತೆಳುವು. ಎರಡು ಮಿಲಿಮೀಟರ್ ಮಾತ್ರ ತಿನ್ನುತ್ತೆ ಸಾರ್, ಹೊಟ್ಟು ಕಮ್ಮಿ. ಅದು ಸುಳ್ಳಲ್ಲ. ಆದರೆ ನಮ್ಮ ನಾಲ್ಕಿಂಚಿನ ಬ್ಲೇಡು ತಿನ್ನುತ್ತಿದ್ದದ್ದೂ ಮೂರು ಮಿಲಿಮೀಟರ್ ಅಷ್ಟೇ. ಒಂದು ಮಿಲಿಮೀಟರಿನ ವ್ಯತ್ಯಾಸಕ್ಕೆ ಇಷ್ಟು ದುಡ್ಡು ಸುರಿಯಬೇಕಾ ಅಂತ ನಾನು ಒಂದು ರಾತ್ರಿ ಕೂತು ಬರೆದೆ. ಒಂದಡಿ ಚೌಕದ ದಿಂಡು, ಅಂದ್ರೆ 305 ಮಿಲಿಮೀಟರ್. ಬಡಗಿಗೆ ಹತ್ತರಿ ಹೊಡೆದ ಮೇಲೆ ಒಂದಿಂಚಿನ ಹಲಗೆ ಸಿಗಬೇಕು. ಹಳೇ ಮಿಲ್ಲಿನಲ್ಲಿ ಟ್ರಾಲಿ ಅಲ್ಲಾಡುತ್ತದೆ, ಹಲಗೆ ಅಲೆಅಲೆಯಾಗಿ ಬರುತ್ತದೆ. ಅದಕ್ಕೇ 32 ಮಿಲಿಮೀಟರ್ ಇಟ್ಟು ಕೊಯ್ಯುತ್ತಿದ್ದೆವು. ಎಂಟು ಹಲಗೆ. ಹಲಗೆ ನೇರ ಬರುತ್ತೆ ಅನ್ನುವ ಧೈರ್ಯ ಇದ್ದರೆ 28 ಇಟ್ಟರೆ ಸಾಕು. ಎರಡು ಮಿಲಿಮೀಟರಿನ ಬ್ಲೇಡಿನಲ್ಲಿ ಹತ್ತು ಹಲಗೆ. ಎಂಟು ಎಲ್ಲಿ, ಹತ್ತು ಎಲ್ಲಿ! ಆದರೆ ಆ ಎರಡು ಹಲಗೆ ಉಳಿಸಿದ್ದು ತೆಳು ಬ್ಲೇಡು ಅನ್ನುವುದಕ್ಕಿಂತ ನೇರ ಕೊಯ್ತ. ಅದೇ ತೆಳು ಬ್ಲೇಡು ಮೊಂಡಾಗಿ ಅಲೆ ಹೊಡೆಯಲು ಶುರು ಮಾಡಿದರೆ ಮತ್ತೆ 32ಕ್ಕೇ ಬರಬೇಕು.

ಇನ್ನೊಂದು ವಿಷಯ ಆ ರಾತ್ರಿಯೇ ಗೊತ್ತಾಯಿತು. ನಮ್ಮ ಕಡೆ ದಿಮ್ಮಿ ಅಳೆಯುವುದು ಕಾಲು ಸುತ್ತಳತೆಯ ಲೆಕ್ಕದಲ್ಲಿ. ನಾಲ್ಕಡಿ ಸುತ್ತಳತೆ, ಹತ್ತಡಿ ಉದ್ದ. ಸುತ್ತಳತೆಯ ಕಾಲು ಭಾಗ ಒಂದಡಿ. ಒಂದನ್ನು ಒಂದರಿಂದ, ಮತ್ತೆ ಹತ್ತರಿಂದ ಗುಣಿಸಿದರೆ ಹತ್ತು ಸಿಎಫ್‌ಟಿ, ಅಂದ್ರೆ ಹತ್ತು ಘನ ಅಡಿ. ಆದರೆ ಸ್ಕೂಲಿನಲ್ಲಿ ಕಲಿತ ವೃತ್ತದ ಸೂತ್ರ ಹಾಕಿದರೆ ಅದೇ ದಿಮ್ಮಿ 12.7 ಸಿಎಫ್‌ಟಿ. ಕೊಳ್ಳುವವನಿಗೆ ಎರಡೂ ಮುಕ್ಕಾಲು ಸಿಎಫ್‌ಟಿಯಷ್ಟು ಮರ ಲೆಕ್ಕಕ್ಕೆ ಬಾರದೆ ಬರುತ್ತದೆ. ಹೊರಸಿಪ್ಪೆ, ಹೊಟ್ಟು ಹೋಗುತ್ತಲ್ಲ, ಅದಕ್ಕೆ ಅಂತ ಹಿಂದಿನವರು ಬಿಟ್ಟ ದಾರಿ ಇದು. ಹತ್ತಕ್ಕೆ ಏಳು ಸಿಎಫ್‌ಟಿ ಸಾಮಾನು ಬಂದರೆ ನಾವು ನೂರಕ್ಕೆ ಎಪ್ಪತ್ತು ಅಂತ ಬೀಗುತ್ತಿದ್ದೆವು. ನಿಜವಾಗಿ ಅದು ಐವತ್ತೈದು. ಉಳಿದ ನಲವತ್ತೈದು ಸಿಪ್ಪೆಯ ರಾಶಿಯಲ್ಲಿ, ಹೊಟ್ಟಿನ ಗುಡ್ಡೆಯಲ್ಲಿ. ಅಪ್ಪ ಲೆಕ್ಕ ಬರೆಯದೆಯೇ ಇದನ್ನು ಕಂಡುಕೊಂಡಿದ್ದರು.

ಬ್ಯಾಂಡ್‌ಸಾ ಬೇಡ ಅಂದ್ರೆ ಬೇರೆ ದಾರಿ ಇಲ್ಲವಾ? ಇದೆ. ಚೈನ್‌ಸಾಗೆ ಒಂದು ಚೌಕಟ್ಟು ಕಟ್ಟಿ ಹಲಗೆ ಕೊಯ್ಯುವುದು ಒಂದು. ಅದು ಒಂದು ಸಲಕ್ಕೆ ಎಂಟು ಮಿಲಿಮೀಟರ್ ತಿನ್ನುತ್ತದೆ, ಹೊಗೆ ಕುಡಿದು ಸೊಂಟ ಬಿದ್ದುಹೋಗುತ್ತದೆ. ಅಗಲವಾದ ಒಂದು ಟೇಬಲ್ ಹಲಗೆಗೆ ಸರಿ, ದಿನಾ ಅದರಲ್ಲೇ ಬದುಕುವುದಕ್ಕೆ ಆಗುವುದಿಲ್ಲ. ಇನ್ನೊಂದು ಆಸ್ಟ್ರೇಲಿಯಾದ ಲ್ಯೂಕಸ್ ಮಿಲ್. ಅದರಲ್ಲಿ ವೃತ್ತ ಗರಗಸ ಒಮ್ಮೆ ಅಡ್ಡ ಮಲಗಿ, ಒಮ್ಮೆ ನೆಟ್ಟಗೆ ನಿಂತು ದಿಮ್ಮಿಯಿಂದ ಚೌಕ ಚೌಕ ಸಾಮಾನು ಬಿಡಿಸುತ್ತದೆ. ದಿಮ್ಮಿಯನ್ನು ಎತ್ತುವುದೇ ಬೇಡ, ನೆಲದ ಮೇಲೆ ಇದ್ದ ಹಾಗೇ ಕೊಯ್ಯಬಹುದು. ಎತ್ತಲಾಗದಷ್ಟು ದೊಡ್ಡ ಮರಕ್ಕೆ ಅದನ್ನು ಮೀರಿಸುವಂಥದ್ದು ಇಲ್ಲ. ನಮ್ಮ ಸಿಲ್ವರೂ ಮೂಲದಲ್ಲಿ ಆಸ್ಟ್ರೇಲಿಯಾದ್ದೇ, ಜೋಡಿ ಚೆನ್ನಾಗಿತ್ತು! ಆದರೆ ತೋಟದ ಸಿಲ್ವರ್ ನಾಲ್ಕಡಿಯಿಂದ ಆರಡಿ ಸುತ್ತಳತೆ. ಆರಡಿ ಅಂದರೂ ಅಡ್ಡಗಲ 23 ಇಂಚು. 26-28 ಇಂಚಿನ ದಿಮ್ಮಿ ಹಿಡಿಯುವ ಸಣ್ಣ ಬ್ಯಾಂಡ್‌ಸಾ ಮಿಲ್ಲಿಗೆ ಅಳತೆ ತೆಗೆದು ಹೊಲಿಸಿದ ಹಾಗೆ ಕೂರುತ್ತದೆ. ನಮ್ಮ ಮರವೇ ನಮ್ಮ ಮಿಷನ್ನಿನ ಸೈಜು ಹೇಳಿತು.

ಹಾಗಂತ ಪುಸ್ತಕ ನೋಡಿ ಆರ್ಡರ್ ಕೊಡಲಿಲ್ಲ. ಕುಶಾಲನಗರದ ಕಡೆ ಪರಿಚಯದವರ ಮಿಲ್ಲಿನಲ್ಲಿ ಅಂಥದ್ದೊಂದು ಮಿಷನ್ ಹೊಸದಾಗಿ ಬಂದಿತ್ತು. ಮಾರುವ ಹುಡುಗನೂ ಅಲ್ಲಿಗೇ ಬರುತ್ತೇನೆ ಅಂದ. ನಾನು ಮೇಸ್ತ್ರಿಯನ್ನು ಕರೆದುಕೊಂಡು, ಕಾಗದಪತ್ರ ಸಮೇತ ನಮ್ಮದೇ ಮೂರು ದಿಮ್ಮಿ ಹೇರಿಕೊಂಡು ಹೋದೆ. ಒಂದು ಸಿಲ್ವರ್, ಒಂದು ಹಲಸು, ಒಂದು ಅಕೇಶಿಯಾ. ತೋರಿಸುವವರು ಯಾವಾಗಲೂ ಗಂಟಿಲ್ಲದ, ನೇರವಾದ, ಬೆಣ್ಣೆಯಂಥ ದಿಮ್ಮಿ ಇಟ್ಟುಕೊಂಡಿರುತ್ತಾರೆ. ಅದನ್ನು ಯಾರು ಬೇಕಾದರೂ ಕೊಯ್ಯಬಹುದು, ಅಲ್ವಾ?

ಸಿಲ್ವರ್ ಚೆನ್ನಾಗಿ ಬಂತು. ಬ್ಲೇಡಿನ ಮೇಲೆ ಹನಿಹನಿ ನೀರು, ತಲೆ ನಿಧಾನಕ್ಕೆ ಹಳಿಯ ಮೇಲೆ ಬರುತ್ತಾ ಇದೆ, ಹಿಂದೆ ಹಲಗೆ ಬಿಚ್ಚಿಕೊಳ್ಳುತ್ತಾ ಇದೆ. ಎತ್ತಿ ನೋಡಿದರೆ ಸಿಲ್ವರಿನ ಆ ಚುಕ್ಕಿ ಚುಕ್ಕಿ ಹೊಳಪು, ರೇಷ್ಮೆ ಸೀರೆಯ ಅಂಚಿನ ಹಾಗೆ. ಹಳೇ ಮಿಲ್ಲಿನ ಒರಟು ಕೊಯ್ತದಲ್ಲಿ ನಾನು ಅದನ್ನು ಅಷ್ಟು ಚೆನ್ನಾಗಿ ನೋಡಿಯೇ ಇರಲಿಲ್ಲ. ಮೇಸ್ತ್ರಿ ಹೆಬ್ಬೆರಳಿನಿಂದ ಹಲಗೆಯ ಮೈ ಸವರಿದರು, ಏನೂ ಹೇಳಲಿಲ್ಲ. ಆಮೇಲೆ ಮೊಣಕೈ ಕೆರೆದುಕೊಂಡರು. ಸಿಲ್ವರಿನ ಹೊಟ್ಟು ಕೆಲವರ ಮೈಗೆ ಆಗುವುದಿಲ್ಲ. ಅವರಿಗೂ ಆಗುವುದಿಲ್ಲ.

ಹಲಸು ಸ್ವಲ್ಪ ಆಟ ಆಡಿಸಿತು. ಹಸಿ ಹಲಸಿನ ಮೇಣ ಬ್ಲೇಡಿಗೆ ಮೆತ್ತಿಕೊಂಡು ಮೂರನೇ ಹಲಗೆಯ ಹೊತ್ತಿಗೆ ಕೊಯ್ತ ಅಲೆ ಹೊಡೆಯಿತು. ಹುಡುಗ ನೀರಿಗೆ ಒಂಚೂರು ಪಾತ್ರೆ ತೊಳೆಯುವ ಸೋಪು ಹಾಕಿದ. ಸರಿ ಹೋಯಿತು. ಇಂಥದ್ದು ಅವನಿಗೆ ಗೊತ್ತಿದ್ದದ್ದು ನೋಡಿ ನನಗೆ ನಂಬಿಕೆ ಬಂತು.

ಅಕೇಶಿಯಾ ದಿಮ್ಮಿಯನ್ನು ಬೆಡ್ಡಿಗೆ ಉರುಳಿಸುವ ಮುಂಚೆ ಮೇಸ್ತ್ರಿ ಅದರ ಕಡಿದ ತುದಿಯ ಹತ್ತಿರ ಕೂತರು. ಬೀಡಿ ಹಚ್ಚಿದರು. ಹೋಗಿ ನೋಡಿದೆ. ಕಂದು ಚೇಗಿನ ಒಂದು ಮೂಲೆಯಲ್ಲಿ, ಮಸಿ ಚೆಲ್ಲಿದ ಹಾಗೆ, ನೀಲಿ ಕಪ್ಪು ಬಣ್ಣದ ಒಂದು ಗೆರೆ.

"ಇದರೊಳಗೆ ಕಬ್ಬಿಣ ಐತೆ."

"ಅದು ಫಂಗಸ್ ಸಾರ್, ಹಳೇ ಮರಕ್ಕೆ ಹಾಗೇ ಬರುತ್ತೆ" ಅಂದ ಹುಡುಗ. ಕೊಯ್ಯುವುದಕ್ಕೆ ಶುರು ಮಾಡಿದ. ಮೊದಲ ಹಲಗೆ ಬಿಲ್ಲಿನ ಹಾಗೆ ಮೇಲಕ್ಕೆ ಎದ್ದಿತು. ಅದು ಮಿಷನ್ನಿನ ತಪ್ಪಲ್ಲ, ಅಕೇಶಿಯಾದ ಒಳಗೆ ಅಷ್ಟು ಬಿಗಿತ ಇರುತ್ತದೆ. ನೀಲಗಿರಿಯದ್ದೂ ಅದೇ ಕಥೆ. ಒಂದು ಕಡೆ ಎರಡು ಹಲಗೆ ತೆಗೆದು, ದಿಮ್ಮಿ ಮಗುಚಿ, ಇನ್ನೊಂದು ಕಡೆ ಎರಡು ತೆಗೆಯಬೇಕು. ಹಾಗೇ ಮಾಡಿದರು. ಐದನೆಯ ಕೊಯ್ತ. ಅರ್ಧ ದಾರಿಗೆ ಬಂದಾಗ ಕಿರ್ ಅಂತ ಒಂದು ಸದ್ದು, ನಾಲ್ಕು ಕಿಡಿ, ಆಮೇಲೆ ಟಪ್. ಬ್ಲೇಡು ತುಂಡಾಗಿ ಕವರಿನೊಳಗೆ ಸುತ್ತಿಕೊಂಡು ನಿಂತಿತು. ಕವರಿನ ಬೆಲೆ ಆವತ್ತು ಗೊತ್ತಾಯಿತು.

ಹಲಗೆ ಎಬ್ಬಿಸಿ ನೋಡಿದರೆ ಬೇಲಿ ತಂತಿ ಹೊಡೆಯುವ ಯು ಮೊಳೆ. ಮರ ಅದನ್ನು ನುಂಗಿ ನಾಲ್ಕಿಂಚು ಒಳಗೆ ಇಟ್ಟುಕೊಂಡಿತ್ತು. ಮೇಸ್ತ್ರಿ ನಗಲಿಲ್ಲ, ನಾನು ಹೇಳಿರಲಿಲ್ವಾ ಅಂತಲೂ ಅನ್ನಲಿಲ್ಲ. ಬೀಡಿ ಆರಿಸಿದರು, ಅಷ್ಟೇ. ದಾರಿಯಲ್ಲಿ ಬರುವಾಗ ಹೇಳಿದರು. ಅಕೇಶಿಯಾ, ಹಲಸು, ಮತ್ತಿ, ಇಂಥ ಒಗರಿರುವ ಮರದಲ್ಲಿ ಮೊಳೆ ಇದ್ದರೆ ಸುತ್ತ ಕಪ್ಪಾಗುತ್ತದೆ. ಆ ಕಪ್ಪು ಮರದ ಉದ್ದಕ್ಕೂ ಎರಡು ಮೂರು ಅಡಿ ಹರಿಯುತ್ತದೆ, ಕೆಲವು ಸಲ ಕಡಿದ ತುದಿಗೂ ಬಂದು ಕಾಣಿಸುತ್ತದೆ. ಒಗರಿಗೂ ಕಬ್ಬಿಣಕ್ಕೂ ಆಗುವ ಕೆಲಸ ಅದು. ಹಿಂದೆ ಅಳಲೆಕಾಯಿ ರಸಕ್ಕೆ ಕಬ್ಬಿಣ ಸೇರಿಸಿ ಮಸಿ ಮಾಡುತ್ತಿದ್ದದ್ದೂ ಇದೇ ಗುಟ್ಟಿನಿಂದ.

ನಾನು ಆ ಹುಡುಗನ ಮೇಲೆ ಕೋಪ ಮಾಡಿಕೊಳ್ಳಲಿಲ್ಲ. ನನಗೆ ಬೇಕಾಗಿದ್ದದ್ದು ಬ್ಲೇಡು ತುಂಡಾದ ಮೇಲೆ ಏನು ಮಾಡುತ್ತಾನೆ ಅನ್ನುವುದು. ಹೊಸ ಬ್ಲೇಡು ಹಾಕಿದ, ಹತ್ತು ನಿಮಿಷ. ಚೆನ್ನಾಗಿತ್ತು. ಮೊಂಡಾದ ಬ್ಲೇಡಿಗೆ ಏನು ಮಾಡಬೇಕು ಅಂತ ಕೇಳಿದೆ. "ಕಳಿಸಿ ಸಾರ್, ನಾವೇ ಸಾಣೆ ಹಿಡಿದು ವಾಪಸ್ ಕಳಿಸ್ತೀವಿ" ಅಂದ. ಎಲ್ಲಿಗೆ? ಬೆಂಗಳೂರಿಗೆ. ಎಷ್ಟು ದಿನ? ಒಂದು ವಾರ, ಹತ್ತು ದಿನ.

ಮೇಸ್ತ್ರಿ ನನ್ನ ಮುಖ ನೋಡಿದರು.

ಈ ಸಣ್ಣ ಬ್ಲೇಡು ಒಂದರಿಂದ ಎರಡು ಗಂಟೆ ಚೆನ್ನಾಗಿ ಕೊಯ್ಯುತ್ತದೆ. ಒಣಗಿದ ಮರ, ಮಣ್ಣು ಮೆತ್ತಿದ ತೊಗಟೆ ಆದರೆ ಅದಕ್ಕಿಂತ ಕಮ್ಮಿ. ಆಮೇಲೆ ತೆಗೆದು ಸಾಣೆಗೆ ಹಾಕಲೇಬೇಕು. ದಿನಕ್ಕೆ ನಾಲ್ಕು ಬ್ಲೇಡು ಅಂದರೂ ಹತ್ತು ದಿನಕ್ಕೆ ನಲವತ್ತು. ನಲವತ್ತು ಬ್ಲೇಡು ಕೊಂಡು ಬಸ್ಸಿಗೆ ಹಾಕಿ ಕಳಿಸುತ್ತಾ ಕೂರಬೇಕಾ? ಮೊದಲ ದಿನ ಮೇಸ್ತ್ರಿ ಕೇಳಿದ ಪ್ರಶ್ನೆ ಇದೇ. ಮಿಲ್ಲು ಕೊಳ್ಳುವವರೆಲ್ಲ ಇಂಜಿನ್ ಎಷ್ಟು ಎಚ್‌ಪಿ ಅಂತ ಕೇಳುತ್ತಾರೆ. ಮಾರುವವರೂ ಅದನ್ನೇ ಹೇಳುತ್ತಾರೆ. ಮಿಲ್ಲು ನಡೆಸುವುದು ಅಂದ್ರೆ ಮುಕ್ಕಾಲು ಭಾಗ ಹಲ್ಲು ನೋಡಿಕೊಳ್ಳುವ ಕೆಲಸ ಅನ್ನುವುದನ್ನು ಯಾರೂ ಹೇಳುವುದಿಲ್ಲ.

ಹಲ್ಲಿನ ವಿಷಯ ಸ್ವಲ್ಪ ಹೇಳಿಬಿಡುತ್ತೇನೆ, ಬೇಜಾರಾದರೆ ದಾಟಿ ಹೋಗಿ. ನಾನು ತೆಗೆದುಕೊಂಡ ಸೈಜಿನ ಬ್ಲೇಡು ಸುತ್ತು ಅಳೆದರೆ ನಾಲ್ಕು ಮೀಟರ್. 22 ಮಿಲಿಮೀಟರಿಗೊಂದು ಹಲ್ಲು, ಒಟ್ಟು 180ರ ಮೇಲೆ. ಒಂದು ಎಡಕ್ಕೆ ಓರೆ, ಒಂದು ಬಲಕ್ಕೆ, ಒಂದು ನೆಟ್ಟಗೆ, ಹೀಗೇ ಸಾಲು. ಆ ಓರೆ ಅರ್ಧ ಮಿಲಿಮೀಟರ್ ಆಸುಪಾಸು. ಒಂದು ಕಡೆಯ ಹಲ್ಲು ಸ್ವಲ್ಪ ಜಾಸ್ತಿ ಓರೆಯಾಗಿದ್ದರೆ ಬ್ಲೇಡು ಆ ಕಡೆಗೇ ಎಳೆಯುತ್ತದೆ, ಹಲಗೆ ಸೊಟ್ಟ. ಹಲ್ಲಿನ ಬಾಗು ಇನ್ನೊಂದು ಲೆಕ್ಕ. ಸಾಮಾನ್ಯ ಮರಕ್ಕೆ 10 ಡಿಗ್ರಿ. ಗಟ್ಟಿ ಮರ, ಒಣಗಿದ ಮರಕ್ಕೆ 7 ಅಥವಾ 4. ನಾನು ಎರಡು ಥರ ಇಟ್ಟುಕೊಂಡಿದ್ದೇನೆ, ಸಿಲ್ವರಿಗೆ ಹತ್ತರದ್ದು, ಒಣಗಿದ ಅಕೇಶಿಯಾಕ್ಕೆ ಏಳರದ್ದು. ಸಂಜೆ ಕೆಲಸ ಮುಗಿದ ಮೇಲೆ ಬ್ಲೇಡಿನ ಬಿಗಿ ಸಡಿಲಿಸಬೇಕು. ಮರೆತರೆ ಬ್ಲೇಡಿಗೂ ಕೇಡು, ಗಾಲಿಯ ಬೆಲ್ಟಿಗೂ ಕೇಡು. ನಾನು ಎಷ್ಟೋ ಸಲ ಊಟಕ್ಕೆ ಕೂತವನು ಎದ್ದು ಹೋಗಿದ್ದೇನೆ.

ಇನ್ನು ಉಳಿದ ಆಯ್ಕೆಗಳು ಬೇಗ ಮುಗಿದವು. ನಮ್ಮಲ್ಲಿ ತ್ರೀ ಫೇಸ್ ಲೈನ್ ಇತ್ತು. ಪೆಟ್ರೋಲ್ ಇಂಜಿನ್ನಿನ ಬದಲು 10 ಎಚ್‌ಪಿ ಮೋಟರ್ ತೆಗೆದುಕೊಂಡೆ. ಪೂರ್ತಿ ಹೊರೆಯಲ್ಲಿ ಓಡಿದರೂ ಗಂಟೆಗೆ ಎಂಟು ಯೂನಿಟ್ ಆಸುಪಾಸು, ಪೆಟ್ರೋಲ್ ಕ್ಯಾನು ಹಿಡಿದು ಬಂಕಿಗೆ ಓಡುವುದಕ್ಕಿಂತ ಸಾವಿರ ಪಾಲು ವಾಸಿ. ಜೂನ್ ಜುಲೈನಲ್ಲಿ ಲೈನ್ ಮೇಲೆ ಮರ ಬಿದ್ದು ಕರೆಂಟ್ ಹೋಗುತ್ತೆ, ನಿಜ. ಆದರೆ ಆ ತಿಂಗಳುಗಳಲ್ಲಿ ದಿಮ್ಮಿಯೂ ಬರುವುದಿಲ್ಲ. ಮಳೆಯಲ್ಲಿ ತೋಟದಿಂದ ಮರ ಎಳೆಯುವವರು ಯಾರು?

ಹೈಡ್ರಾಲಿಕ್ ಬೇಕಾ ಬೇಡವಾ ಅನ್ನುವುದು ಮಾತ್ರ ನಿದ್ದೆ ಕೆಡಿಸಿತು. ದಿಮ್ಮಿ ಎತ್ತುವುದು, ಮಗುಚುವುದು ಎಲ್ಲ ಮಿಷನ್ನೇ ಮಾಡುವ ಮಾದರಿಗಳಿವೆ, ಬೆಲೆ ಎಲ್ಲಿಗೋ ಹೋಗುತ್ತದೆ. ಮೇಲೆ ಹೇಳಿದ ನಾಲ್ಕಡಿ ಸುತ್ತಳತೆಯ ದಿಮ್ಮಿ ಹಸಿಯಾಗಿದ್ದರೆ ಹತ್ತಿರ ಹತ್ತಿರ 300 ಕಿಲೋ. ಇಬ್ಬರು ಹಾರೆ ಹಾಕಿ ಉರುಳಿಸಬಹುದು, ಮಗುಚಬಹುದು. ಆರಡಿಯದ್ದು ಅದರ ಎರಡೂ ಕಾಲು ಪಟ್ಟು. ಅದಕ್ಕೆ ಏನು ಮಾಡುವುದು? ಕೊನೆಗೆ ಬೆಡ್ಡಿನ ಎತ್ತರಕ್ಕೆ ಸರಿಯಾಗಿ ಮಣ್ಣಿನ ದಿಬ್ಬ ಕಟ್ಟಿಸಿದೆ. ಟ್ರ್ಯಾಕ್ಟರ್ ದಿಬ್ಬದ ಮೇಲೆ ಬಂದು ದಿಮ್ಮಿ ಇಳಿಸುತ್ತದೆ, ಅಲ್ಲಿಂದ ಸೀದಾ ಬೆಡ್ಡಿಗೆ ಉರುಳಿಸುತ್ತೇವೆ. ಮಗುಚುವುದಕ್ಕೆ ಮೇಲಿನ ತೊಲೆಗೆ ಭಾರ ಎತ್ತುವ ಚೈನ್ ಬ್ಲಾಕ್ ಕಟ್ಟಿದ್ದೇವೆ. ಬೆನ್ನು ನೋಯುವ ದಿನ ಹೈಡ್ರಾಲಿಕ್ ನೆನಪಾಗುತ್ತದೆ. ಸುಳ್ಳು ಹೇಳುವುದಿಲ್ಲ.

ಆರ್ಡರ್ ಕೊಡುವ ದಿನ ಹುಡುಗ ಮತ್ತೆ ಕೇಳಿದ. "ಟ್ರೇಲರ್ ಸಮೇತ ತಗೊಳ್ಳಿ ಸಾರ್. ಚಕ್ರ, ಆಕ್ಸಲ್, ಲೈಟು ಎಲ್ಲಾ ಬರುತ್ತೆ. ಪೋರ್ಟಬಲ್ ಮಿಲ್ಲು ಅಂತ ತಗೊಂಡು ಚಕ್ರ ಬೇಡ ಅಂದ್ರೆ ಹೇಗೆ?" ನಾನು ಒಂದು ನಿಮಿಷ ಸುಮ್ಮನಿದ್ದೆ. ಗಡ್ಡದವನ ಜೀಪು ಕಣ್ಣ ಮುಂದೆ ಹಾದು ಹೋಯಿತು. ಆಮೇಲೆ ಆರ್ಡರ್ ಪಟ್ಟಿಯಿಂದ ಚಕ್ರ ಹೊಡೆದು ಹಾಕಿಸಿದೆ. ಆ ದುಡ್ಡಿಗೆ ಇನ್ನಷ್ಟು ಸೇರಿಸಿ ಸಾಣೆ ಮಿಷನ್, ಹಲ್ಲು ಓರೆ ಮಾಡುವ ಸೆಟ್ಟರ್, ಕೈಯಲ್ಲಿ ಹಿಡಿಯುವ ಮೆಟಲ್ ಡಿಟೆಕ್ಟರ್ ಒಂದು. ಮಿಲ್ಲನ್ನು ಹಳೇ ಟ್ರಾಲಿಯ ಹಳಿ ಇದ್ದ ಜಾಗದಲ್ಲಿ ಕಾಂಕ್ರೀಟ್ ಹಾಕಿ ಬೋಲ್ಟ್ ಬಿಗಿದೆವು. ಪೋರ್ಟಬಲ್ ಅನ್ನುವ ಹೆಸರು ಮಾತ್ರ ಬಿಲ್ಲಿನಲ್ಲಿ ಉಳಿದಿದೆ.

ಹೊಟ್ಟಿನ ಗುಡ್ಡೆ ಈಗಲೂ ಬೆಳೆಯುತ್ತದೆ, ನಿಧಾನಕ್ಕೆ. ಹೊಟ್ಟು ನುಣುಪಾಗಿದೆ. ಕೋಳಿ ಫಾರಂನವರು ಮೊದಲಿನದೇ ಚೆನ್ನಾಗಿತ್ತು ಅಂತ ಗೊಣಗುತ್ತಾರೆ.

ಮೇಸ್ತ್ರಿ ಮೊದಲ ತಿಂಗಳು ಹೊಸ ಮಿಷನ್ ಮುಟ್ಟಲಿಲ್ಲ. ಹುಡುಗರು ಕೊಯ್ಯುತ್ತಿದ್ದರು, ಇವರು ದೂರದಿಂದ ಸದ್ದು ಕೇಳಿಯೇ "ಮೊಂಡಾಗೈತೆ, ತೆಗೀರಿ" ಅನ್ನುತ್ತಿದ್ದರು. ಬ್ಲೇಡನ್ನು ಮೂರು ಸುತ್ತು ಮಡಚಿ ಇಡುವುದನ್ನು ನಾನು ವಾರಗಟ್ಟಲೆ ಕಲಿತೆ. ಅದು ಹಾವಿನ ಹಾಗೆ ಎದ್ದು ಬರುತ್ತದೆ, ಕೈಗವಸು ಇಲ್ಲದೆ ಹಿಡಿದರೆ ರಕ್ತ. ಒಂದು ದಿನ ಮೇಸ್ತ್ರಿ ಬಂದು ಬ್ಲೇಡಿನ ಒಂದು ಕಡೆ ಕಾಲಲ್ಲಿ ಒತ್ತಿ ಹಿಡಿದು, ಎರಡೂ ಕೈ ತಿರುವಿದರು. ಮೂರು ಬಳೆ ಒಂದರ ಮೇಲೊಂದು ಬಿದ್ದವು. ಹಳೇ ಬ್ಲೇಡನ್ನೂ ಹೀಗೇ ಮಡಚುತ್ತಿದ್ದರಾ ಅಂತ ಕೇಳಿದೆ. ಇಲ್ಲ, ನಿಮ್ಮನ್ನು ನೋಡಿ ನೋಡಿ ಎಲ್ಲಿ ತಪ್ಪುತ್ತೀರಿ ಅಂತ ಗೊತ್ತಾಯಿತು ಅಂದರು.

ಈಗ ಸಾಣೆ ಕೋಣೆ ಪೂರ್ತಿ ಅವರದ್ದು. ಸಂಜೆ ನಾಲ್ಕಾದ ಮೇಲೆ ಬಲ್ಬಿನ ಕೆಳಗೆ ಸ್ಟೂಲು ಹಾಕಿಕೊಂಡು ಕೂರುತ್ತಾರೆ. ಸೆಟ್ಟರಿನ ಡಯಲ್ ಗೇಜಿನ ಮುಳ್ಳು ನೋಡುತ್ತಾ ಒಂದೊಂದೇ ಹಲ್ಲು ತಳ್ಳುತ್ತಾರೆ. ಎಡ, ಬಲ, ಒಂದು ಬಿಟ್ಟು. ಮೊನ್ನೆ ಕೆಲಸ ನಿಲ್ಲಿಸಿ, ಗೇಜನ್ನು ದೂರ ಹಿಡಿದು ಹತ್ತಿರ ಹಿಡಿದು ನೋಡಿ, ನನ್ನನ್ನು ಕರೆದರು.

"ಸಣ್ಣಯ್ಯ, ಮುಂದಿನ ಸಲ ಹಾಸನಕ್ಕೆ ಹೋದ್ರೆ ನನ್ನೂ ಕರ್ಕೊಂಡು ಹೋಗಿ. ಒಂದು ಕನ್ನಡಕ ಮಾಡಿಸ್ಕಬೇಕು."